ಎಡಕ್ಕೆ ತಿರುಗದ ಡೋಜರ್

ಬಲಗಡೆಯ ಲಿವರ್ ಎಳೆದರೆ ಗಾಡಿ ಬಲಕ್ಕೆ ತಿರುಗುತ್ತಿತ್ತು. ಎಡಗಡೆಯದನ್ನು ಎಳೆದರೆ ಮೂಗಿನ ನೇರಕ್ಕೇ ಹೋಗುತ್ತಿತ್ತು. ಎಡ ಬ್ರೇಕ್ ತುಳಿದರೆ ಎಂಜಿನ್ ಏದುಸಿರು ಬಿಟ್ಟು ನಿಲ್ಲುವಂತಾಗುತ್ತಿತ್ತೇ ಹೊರತು ಗಾಡಿ ಗೇಣಷ್ಟೂ ತಿರುಗುತ್ತಿರಲಿಲ್ಲ. ಸಾಗರದ ಕಡೆಯ ಒಂದು ತೋಟದ ಹಿಂದೆ, ಹಲಸಿನ ಮರದ ಬುಡದಲ್ಲಿ ಎಷ್ಟೋ ಮಳೆಗಾಲ ನೆನೆದಿದ್ದ ಹಳೆಯ ಕ್ಯಾಟರ್‌ಪಿಲ್ಲರ್ ಡಿ-4 ಬುಲ್ಡೋಜರ್ ಅದು. ‘ಲಿವರ್ ಸ್ವಲ್ಪ ಗಟ್ಟಿ ಅಷ್ಟೇ, ನಾಲ್ಕು ದಿನ ಓಡಿಸಿದರೆ ಸಡಿಲವಾಗುತ್ತದೆ’ ಎಂದರು ಮಾರುವವರು. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಂಡೆ.

ಕೊಳ್ಳಲು ಕಾರಣವಿತ್ತು. ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ಓಡುವ ಚೈನ್ ಗಾಡಿಯಲ್ಲಿ ಹಣ ನುಂಗುವುದು ಕೆಳಭಾಗ: ಚೈನಿನ ಪಿನ್ನು, ಬುಶ್ಶು, ರೋಲರ್, ಚೈನನ್ನು ಎಳೆಯುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್. ಸ್ಪ್ರಾಕೆಟ್ ಹಲ್ಲು ಸವೆದು ಚೂಪಾಗಿದ್ದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಕೈಮುಗಿದು ವಾಪಸು ಬರುವುದು ಲೇಸು. ಇದರ ಹಲ್ಲುಗಳು ಇನ್ನೂ ದಪ್ಪವಾಗಿದ್ದವು, ರೋಲರ್‌ಗಳಲ್ಲಿ ಎಣ್ಣೆ ಸೋರಿದ ಗುರುತಿರಲಿಲ್ಲ. ಸೀರಿಯಲ್ ನಂಬರ್ 7ಯು ಎಂದು ಶುರುವಾಗುತ್ತಿತ್ತು. ಅಂದರೆ 1947ರಿಂದ 1959ರ ನಡುವೆ ತಯಾರಾದ, ಎರಡು ಚೈನುಗಳ ಮಧ್ಯರೇಖೆಗಳ ನಡುವೆ 60 ಇಂಚು ಅಂತರವಿರುವ ಮಾದರಿ. ಆ ಕಾಲದಲ್ಲಿ ಇಂಥ ಯಂತ್ರಗಳೆಲ್ಲ ಹೊರದೇಶದಿಂದಲೇ ಬರಬೇಕಿತ್ತು. ಬೆಂಗಳೂರಿನಲ್ಲಿ ಇಂಥ ಮಣ್ಣಿನ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್ ಕಂಪನಿ ಹುಟ್ಟಿದ್ದೇ 1964ರಲ್ಲಿ. ಮುಖ್ಯ ಡೀಸೆಲ್ ಎಂಜಿನ್ನನ್ನು ಎಬ್ಬಿಸಲು ಪಕ್ಕದಲ್ಲೊಂದು ಎರಡು ಸಿಲಿಂಡರಿನ ಪೆಟ್ರೋಲ್ ಮರಿ ಎಂಜಿನ್ ಇದೆ. ಎರಡಕ್ಕೂ ಒಂದೇ ನೀರು ಸುತ್ತುವುದರಿಂದ ಮರಿ ಓಡುತ್ತಿದ್ದಂತೆ ದೊಡ್ಡದರ ಮೈಯೂ ಬೆಚ್ಚಗಾಗುತ್ತದೆ. ಮರಿ ಎಂಜಿನ್ ಮೊದಲ ದಿನವೇ ಶುರುವಾಯಿತು. ಗುಜರಿ ಬೆಲೆಗಿಂತ ತುಸು ಹೆಚ್ಚು ಕೊಟ್ಟು ಲಾರಿಗೆ ಹತ್ತಿಸಿದೆವು.

ತಿರುಗುವ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಾಡಿಗೆ ಸ್ಟೀರಿಂಗ್ ಚಕ್ರವಿಲ್ಲ, ತಿರುವಿನಲ್ಲಿ ಎರಡು ಬದಿಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಕೂಡ ಇಲ್ಲ. ಗಿಯರ್‌ಬಾಕ್ಸಿನಿಂದ ಬಂದ ಶಕ್ತಿ ಒಂದು ಅಡ್ಡ ಶಾಫ್ಟಿನ ಮೂಲಕ ಎರಡೂ ಬದಿಗೆ ಹೋಗುತ್ತದೆ. ಒಂದೊಂದು ಬದಿಗೆ ಒಂದೊಂದು ಕ್ಲಚ್, ಅಂದರೆ ಸ್ಪ್ರಿಂಗುಗಳು ಒತ್ತಿ ಹಿಡಿದ ತಟ್ಟೆಗಳ ಕಟ್ಟು. ಅದರ ಹೊರಗಿನ ಡ್ರಮ್ಮಿಗೇ ಬ್ರೇಕಿನ ಪಟ್ಟಿ ಸುತ್ತಿರುತ್ತದೆ. ಎಡ ಲಿವರ್ ಎಳೆದರೆ ಎಡ ಕ್ಲಚ್ ಬಿಟ್ಟುಕೊಂಡು ಆ ಚೈನಿಗೆ ಶಕ್ತಿ ತಪ್ಪಬೇಕು, ಬ್ರೇಕ್ ತುಳಿದರೆ ಆ ಚೈನ್ ನಿಂತು ಗಾಡಿ ಅಲ್ಲೇ ತಿರುಗಬೇಕು. ಕ್ಲಚ್ಚಿನ ತಟ್ಟೆಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದರೆ, ಆ ಬ್ರೇಕ್ ತಡೆಯುವುದು ಎಡ ಚೈನನ್ನಲ್ಲ, ಇಡೀ ಎಂಜಿನ್ನನ್ನು. ಅದಕ್ಕೇ ಆ ಏದುಸಿರು.

ಮನೆಗೆ ತಂದ ಮೇಲೆ ನಮ್ಮ ಕಡೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆ. ಅವರು ಬಂದವರೇ ಸ್ಪ್ಯಾನರ್ ಹಿಡಿದು ಗಾಡಿಯ ಹೊಟ್ಟೆಯಡಿ ನುಸುಳಿ, ಎಡ ಕ್ಲಚ್ ಕೋಣೆಯ ತಳದಲ್ಲಿದ್ದ ಚಿಕ್ಕ ಪ್ಲಗ್ ಬಿಚ್ಚಿದರು. ಮೊದಲು ಏನೂ ಬರಲಿಲ್ಲ. ತಂತಿ ತೂರಿಸಿ ಕೆಸರು ಕೆದಕಿದಾಗ, ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು ಸುರಿಯತೊಡಗಿ ಅರ್ಧ ಬಕೆಟ್ ತುಂಬಿತು. ‘ನೋಡಿ ಸ್ವಾಮಿ, ಒಣಗಿರಬೇಕಾದ ಕೋಣೆ ಇದು, ಬಾವಿಯಾಗಿದೆ’ ಎಂದರು. ಸೀಟಿನ ಕೆಳಗಿನ ಮುಚ್ಚಳದ ಸಂದಿಯಿಂದ ಮಲೆನಾಡಿನ ಮಳೆ ವರ್ಷವರ್ಷವೂ ಇಳಿದಿತ್ತು.

ಪ್ಲಗ್ ಹಾಕಿ ಕೋಣೆಗೆ ಡೀಸೆಲ್ ತುಂಬಿದೆವು. ಸ್ಪ್ರಿಂಗಿನ ಒತ್ತಡ ತಟ್ಟೆಗಳ ಮೇಲೆ ಬೀಳದಂತೆ ಲಿವರನ್ನು ಹಿಂದಕ್ಕೆಳೆದು ಹಗ್ಗದಿಂದ ಕಟ್ಟಿದೆವು. ಎಂಟು ದಿನ ಹಾಗೇ ಬಿಟ್ಟು, ಡೀಸೆಲ್ಲನ್ನು ಪೂರ್ತಿ ಬಸಿದು, ಬಯಲಿನಲ್ಲಿ ಮೊದಲ ಗಿಯರಿಗೆ ಹಾಕಿ ಎಡ ಬ್ರೇಕನ್ನು ತುಳಿದು ತುಳಿದು ಬಿಟ್ಟೆ. ಸುಮಾರು ಇಪ್ಪತ್ತನೆಯ ಸಲಕ್ಕೆ ಸೀಟಿನಡಿ ‘ಟಣ್’ ಎಂದು ಸದ್ದಾಯಿತು. ಗಾಡಿ ಎಡಕ್ಕೆ ತಿರುಗಿತು. ಆ ಸದ್ದಿಗೆ ಆದ ಸಂತೋಷವನ್ನು ನಾನು ಮರೆಯಲಾರೆ.

ಅಲ್ಲಿಗೇ ಸಾಕೆಂದು ಕೆಲಸಕ್ಕಿಳಿಸಿದ್ದು ನನ್ನ ತಪ್ಪು. ಸೊಪ್ಪಿನ ಬೆಟ್ಟದ ದಾರಿ ಇಳಿಯುವಾಗ ಎಡಕ್ಕೆ ಹೋಗಲು ಎಡ ಲಿವರ್ ಎಳೆದೆ, ಗಾಡಿ ಬಲಕ್ಕೆ, ದಾರಿ ಪಕ್ಕದ ಕಡಿದಾದ ಧರೆಯ ಅಂಚಿಗೆ ತಿರುಗಿತು! ಎರಡೂ ಬ್ರೇಕ್ ಒತ್ತಿ ನಿಲ್ಲಿಸಿದಾಗ ಅಂಚಿಗೆ ಒಂದು ಮಾರು ಉಳಿದಿತ್ತು. ಇದು ಯಂತ್ರದ ದೋಷವಲ್ಲ, ನಾನು ಕಲಿಯದೇ ಇದ್ದ ಪಾಠ. ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಮುಂದಕ್ಕೆ ನೂಕುವುದಿಲ್ಲ, ಹಿಡಿದು ನಿಲ್ಲಿಸುತ್ತದೆ. ಎಡ ಕ್ಲಚ್ ಬಿಟ್ಟರೆ ಎಡ ಚೈನಿಗೆ ಆ ಹಿಡಿತ ತಪ್ಪಿ ಅದೇ ಮುಂದೆ ಓಡುತ್ತದೆ. ಇಳಿಯುವಾಗ ಎಡಕ್ಕೆ ತಿರುಗಬೇಕಾದರೆ ಎಡ ಲಿವರಿನ ಜೊತೆ ಎಡ ಬ್ರೇಕನ್ನೂ ಗಟ್ಟಿಯಾಗಿ ಹಿಡಿಯಬೇಕು, ಇಲ್ಲವೇ ಬಲ ಲಿವರನ್ನು ಮೆಲ್ಲಗೆ ಎಳೆಯಬೇಕು. ಚೈನ್ ಗಾಡಿ ಕೊಳ್ಳುವವರು ಮಣ್ಣು ಮುಟ್ಟುವ ಮೊದಲು ಇದನ್ನು ಬಯಲಿನ ಸಣ್ಣ ಇಳಿಜಾರಿನಲ್ಲಿ ಕೈಗೆ ರೂಢಿ ಮಾಡಿಕೊಳ್ಳಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅದೇ ವಾರ ಬ್ಲೇಡಿಗೆ ಮಣ್ಣು ತುಂಬಿಕೊಂಡಾಗಲೆಲ್ಲ ಬಲ ಚೈನ್ ಸುಮ್ಮನೆ ನಿಲ್ಲತೊಡಗಿತು. ನಾನು ಚೆನ್ನಾಗಿದೆ ಎಂದುಕೊಂಡಿದ್ದ ಬದಿಯ ಕ್ಲಚ್ ಜಾರುತ್ತಿತ್ತು. ಇನ್ನು ಬಿಚ್ಚದೆ ಗತಿಯಿರಲಿಲ್ಲ. ಸೀಟು, ಡೀಸೆಲ್ ಟ್ಯಾಂಕು, ಮುಚ್ಚಳ ಎಲ್ಲ ತೆಗೆದು, ಮೂರು ಮರದ ಕಂಬ ಕಟ್ಟಿ ಚೈನ್ ಪುಲ್ಲಿ ನೇತುಹಾಕಿ ಎರಡೂ ಕ್ಲಚ್ಚುಗಳನ್ನು ಮೇಲೆತ್ತಿದೆವು. ಸ್ಪ್ರಿಂಗುಗಳು ಬಿಗಿದು ಕೂತಿರುವುದರಿಂದ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಅಲ್ಲಿ ಅವಸರ ಮಾಡಿದರೆ ಕೈ ಹೋಗುತ್ತದೆ.

ಬಲ ಕೋಣೆಯ ತುಂಬ ಗಿಯರ್ ಎಣ್ಣೆಯ ವಾಸನೆ. ನಡುವಿನ ಗಿಯರ್ ಕೋಣೆಯ ಸೀಲ್ ಹೋಗಿ, ಕ್ಲಚ್ ತಟ್ಟೆಗಳಿಗೆ ಹಿಡಿತ ಕೊಡುವ ಲೈನಿಂಗೆಲ್ಲ ಎಣ್ಣೆ ಕುಡಿದಿತ್ತು. ಅದನ್ನು ತೊಳೆದು ಉಳಿಸಲು ಎರಡು ದಿನ ಹೆಣಗಿದ್ದು ದಂಡವಾಯಿತು. ಎಣ್ಣೆ ಕುಡಿದ ಲೈನಿಂಗನ್ನು ಬಿಸಾಡುವುದೇ ಸರಿ. ಎಡಗಡೆಯ ಉಕ್ಕಿನ ತಟ್ಟೆಗಳನ್ನು ಉಜ್ಜಿ, ಗಾಜಿನ ಮೇಲಿಟ್ಟು ನೋಡಿ, ಡೊಂಕಾದವನ್ನು ಬೇರೆ ಮಾಡಿದೆವು. ಮೇಸ್ತ್ರಿ ಡ್ರಮ್ಮಿನೊಳಗೆ ಬೆರಳಾಡಿಸಿ ನನ್ನ ಬೆರಳನ್ನೂ ಅಲ್ಲಿಗೇ ಒಯ್ದರು. ತಟ್ಟೆಯ ಹಲ್ಲು ಬಡಿದು ಬಡಿದು, ಡ್ರಮ್ಮಿನಲ್ಲಿ ಆ ಹಲ್ಲು ಕೂರುವ ಸಂದಿಗಳಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ತಟ್ಟೆ ಸರಿಯುವಾಗ ಆ ಗುಳಿಗೆ ಸಿಕ್ಕಿಕೊಂಡರೆ ಹೊಸ ಲೈನಿಂಗ್ ಹಾಕಿಯೂ ಕ್ಲಚ್ ಬಿಡುವುದಿಲ್ಲ. ಅರದಿಂದ ಅವನ್ನು ಸವರಿ ನಯಮಾಡಲು ಮೂರು ದಿನ ಹಿಡಿಯಿತು. ಲೈನಿಂಗ್, ಬ್ರೇಕಿನ ಪಟ್ಟಿ, ಸೀಲ್ ಎಲ್ಲ ಶಿವಮೊಗ್ಗದಲ್ಲಿ ಅಳತೆ ಕೊಟ್ಟು ಮಾಡಿಸಿದ್ದು.

ಜೋಡಿಸಿದ ಮೇಲೆ ಲಿವರಿನ ತುದಿಯಲ್ಲಿ ಸ್ವಲ್ಪ ಖಾಲಿ ಎಳೆತ ಉಳಿಸಿಕೊಂಡೆವು. ಅದಿಲ್ಲದಿದ್ದರೆ ಕ್ಲಚ್ ಬಿಡಿಸುವ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಕ್ಲಚ್ ಮತ್ತೆ ಜಾರುತ್ತದೆ. ಈಗ ಗಾಡಿಗೆ ತಗಡಿನ ಮಾಡು ಹಾಕಿಸಿದ್ದೇನೆ, ಮುಚ್ಚಳದಡಿ ಹೊಸ ರಬ್ಬರ್ ಪಟ್ಟಿ ಕೂರಿಸಿದ್ದೇನೆ. ತಿಂಗಳಿಗೊಮ್ಮೆ ಕೆಳಗೆ ಮಲಗಿ ಎರಡೂ ಪ್ಲಗ್ ಬಿಚ್ಚುತ್ತೇನೆ. ಕಳೆದ ಮಳೆಗಾಲದಲ್ಲಿ ಎಡಗಡೆಯಿಂದ ನಾಲ್ಕು ಹನಿ ಬಂತು, ಬಲಗಡೆ ಒಣಗಿಯೇ ಇತ್ತು.