ಕನ್ನಡ ಪದ ಊಹಿಸುವ ಆಟ ಬರೆದು ನೋಡಿ

ಪ್ರೋಗ್ರಾಮಿಂಗ್‌ನಲ್ಲಿ ಲೂಪ್, ಫಂಕ್ಷನ್ ಎಲ್ಲ ಬರುತ್ತದೆ, ಆದರೆ ಮುಂದೇನು ಅಂತ ಗೊತ್ತಾಗುತ್ತಿಲ್ಲ, ಅಲ್ವಾ? ಇನ್ನೊಂದು ಕೋರ್ಸ್ ಬೇಡ. ಪೈಥಾನ್‌ನಲ್ಲಿ ಪದ ಊಹಿಸುವ ಆಟ ಬರೆಯಿರಿ, ಅದೂ ಕನ್ನಡ ಪದಗಳದ್ದು. ಕಂಪ್ಯೂಟರ್ ಒಂದು ಪದ ಬಚ್ಚಿಡುತ್ತದೆ, ಆಡುವವರು ಒಂದೊಂದೇ ಅಕ್ಷರ ಹೇಳುತ್ತಾ ಹೋಗಬೇಕು.

ಶುರುವಿನಲ್ಲೇ ಮಜಾ ಇದೆ. ‘ಕನ್ನಡ’ ಪದದ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಮೂರೇ ಅಕ್ಷರ! ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಾದ ಯುನಿಕೋಡ್‌ನಲ್ಲಿ ‘ನ್ನ’ ಅಂದರೆ ನ, ಹಲಂತ (ಅಂದರೆ ‘ನ್’ನಲ್ಲಿ ಕಾಣುವ ಚಿಹ್ನೆ), ಮತ್ತೆ ನ, ಹೀಗೆ ಮೂರು ತುಂಡು. ಇವನ್ನು ಜೋಡಿಸುವ ಫಂಕ್ಷನ್ ನೀವೇ ಬರೆಯಿರಿ: ತುಂಡು ಕಾಗುಣಿತದ ಚಿಹ್ನೆಯೋ ಅನುಸ್ವಾರವೋ ಹಲಂತವೋ ಆಗಿದ್ದರೆ, ಅಥವಾ ಅದರ ಹಿಂದಿನದು ಹಲಂತವಾಗಿದ್ದರೆ, ಹಿಂದಿನ ಅಕ್ಷರಕ್ಕೇ ಅಂಟಿಸಿ, ಇಲ್ಲದಿದ್ದರೆ ಹೊಸ ಅಕ್ಷರ. ‘ಸ್ವಾತಂತ್ರ್ಯ’ ಕೊಟ್ಟು ನೋಡಿ. 11 ತುಂಡು ಸೇರಿ ಸ್ವಾ, ತಂ, ತ್ರ್ಯ ಅಂತ ಬಂದರೆ ಗೆದ್ದಿರಿ.

ಆಮೇಲೆ ‘ಸಾಫ್ಟ್‌ವೇರ್’ ಕೊಡಿ. ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ತುಂಡು ಕೂತಿರುತ್ತದೆ, ಹಾಗಾಗಿ ಆಡುವವರು ‘ಫ್ಟ್’ ಅಂತ ಸರಿಯಾಗೇ ಟೈಪ್ ಮಾಡಿದರೂ ಆಟ ತಪ್ಪು ಅನ್ನುತ್ತದೆ. ಆ ತಪ್ಪನ್ನು ಹುಡುಕುವಾಗಲೇ ಜಾಸ್ತಿ ಕಲಿಯುತ್ತೀರಿ. ಇಂಥ ಪದಗಳನ್ನೆಲ್ಲ ಒಂದು ಟೆಸ್ಟ್ ಫೈಲ್‌ಗೆ ಸೇರಿಸಿಡಿ. ಬಣ್ಣ, ಅಂಕ, ಮೆನು ಎಲ್ಲ ನಿಧಾನಕ್ಕೆ ಮಾಡಿಕೊಳ್ಳಬಹುದು.