ತಾಯ್ ಚಿ: ಮಂಡಿ ಸವರುವ ನಡೆಯಲ್ಲಿ ಹೆಜ್ಜೆ ಇಡುವುದು ಹೇಗೆ?

ನಿಧಾನ ಚಲನೆಗಳ ಚೀನೀ ಸಮರಕಲೆಯಾದ ತಾಯ್ ಚಿ ಕಲಿಯತೊಡಗಿದವರಲ್ಲಿ ಹೆಚ್ಚಿನವರು ಕೈಗಳ ಚಲನೆಯ ಚೆಲುವಿಗೆ ಮನಸೋತು ಕಾಲುಗಳನ್ನು ಮರೆಯುತ್ತಾರೆ. ಮಂಡಿನೋವೆಂದು ಅಭ್ಯಾಸ ಬಿಟ್ಟ ಹಲವರ ಹೆಜ್ಜೆಯಲ್ಲಿ ನಾನು ಕಂಡ ದೋಷ ಒಂದೇ: ಪಾದ ನೆಲದಲ್ಲಿ ನೆಲೆಗೊಳ್ಳುವ ಮೊದಲೇ ದೇಹದ ಭಾರ ಅದರ ಮೇಲೆ ಬಿದ್ದಿರುತ್ತದೆ. ಇದನ್ನು ತಿದ್ದಿಕೊಳ್ಳಲು ‘ಲೋ ಶಿ ಆವೋ ಬು’, ಅಂದರೆ ಒಂದು ಕೈಯಿಂದ ಮಂಡಿಯ ಮುಂದೆ ಸವರಿ ಇನ್ನೊಂದರಿಂದ ತಳ್ಳುವ ಭಂಗಿ, ಬಹಳ ಒಳ್ಳೆಯ ಪಾಠ. ತಾಯ್ ಚಿಯ ಮುಖ್ಯ ಪರಂಪರೆಗಳಲ್ಲೊಂದಾದ ಯಾಂಗ್ ಶೈಲಿಯನ್ನು ಆಧರಿಸಿ 1956ರಲ್ಲಿ ಚೀನಾದ ಕ್ರೀಡಾ ಆಯೋಗ ರೂಪಿಸಿದ 24 ಭಂಗಿಗಳ ಸರಣಿಯಲ್ಲಿ ಇದು ನಾಲ್ಕನೆಯದು.

ತೆಳುವಾದ, ಸಮತಟ್ಟಾದ ಅಡಿಯ ಷೂ ಧರಿಸಿ. ಹಿಮ್ಮಡಿಯಲ್ಲಿ ದಪ್ಪ ಮೆತ್ತೆಯಿರುವ ಓಟದ ಷೂಗಳು ಈ ಕಲಿಕೆಗೆ ಖಂಡಿತ ಬೇಡ. ನೆಲದ ಅರಿವನ್ನೇ ಅವು ಕಸಿದುಕೊಳ್ಳುತ್ತವೆ. ಯೋಗದ ಚಾಪೆಯೂ ಬೇಡ. ಅದು ಪಾದವನ್ನು ಹಿಡಿದಿಡುವುದರಿಂದ ತಿರುಗುವಾಗ ಮಂಡಿಯೇ ತಿರುಚಿಕೊಳ್ಳುತ್ತದೆ.

ಬಲಪಾದವನ್ನು ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಿಸಿ, ಮಂಡಿಯನ್ನು ತುಸು ಬಾಗಿಸಿ, ಪೂರ್ತಿ ಭಾರವನ್ನು ಆ ಕಾಲಿನ ಮೇಲೆ ತನ್ನಿ. ಎಡಪಾದವನ್ನು ಅದರ ಪಕ್ಕಕ್ಕೆ ಸೆಳೆದುಕೊಳ್ಳಿ.

ಜನ ಎಡವುವುದು ಇನ್ನು ಮುಂದಿನ ಹಂತದಲ್ಲಿ. ಎಡಪಾದವನ್ನು ನೇರ ಮುಂದಕ್ಕಲ್ಲ, ಮುಂದಕ್ಕೂ ಎಡಕ್ಕೂ ಚಾಚಿ, ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಬೇಕು. ಎರಡು ಹಿಮ್ಮಡಿಗಳ ನಡುವೆ ಅಡ್ಡಲಾಗಿ ಸುಮಾರು 30 ಸೆಂಟಿಮೀಟರ್ ಅಂತರವಿರಲಿ. ಪಾದಗಳು ಒಂದೇ ಗೆರೆಯಲ್ಲಿ ಬಂದರೆ ಹಗ್ಗದ ಮೇಲೆ ನಡೆದಂತಾಗಿ ಸೊಂಟ ಓಲಾಡುತ್ತದೆ. ಹಿಮ್ಮಡಿ ತಾಗಿದ ಕ್ಷಣದಲ್ಲಿ ನಿಂತು, ಮುಂಡವನ್ನು ಕದಲಿಸದೆ ಆ ಪಾದವನ್ನು ಮತ್ತೆ ಮೇಲೆತ್ತಿ ನೋಡಿ. ಎತ್ತಲಾಗದಿದ್ದರೆ ನೀವು ಹೆಜ್ಜೆ ಇಟ್ಟಿಲ್ಲ, ಬಿದ್ದಿದ್ದೀರಿ ಎಂದರ್ಥ. ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳಿ. ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು ಅವರ ಹತ್ತು ಸೂತ್ರಗಳಲ್ಲಿ ಬರಿದು–ತುಂಬು, ಅಂದರೆ ಭಾರವಿಲ್ಲದ ಕಾಲು ಮತ್ತು ಭಾರ ಹೊತ್ತ ಕಾಲು ಎಂಬ ಭೇದವನ್ನು ಅರಿಯುವುದೂ ಒಂದು. ಬರಿದಾದ ಕಾಲು ಯಾವಾಗ ಬೇಕಾದರೂ ಹಿಂದೆ ಬರಬಲ್ಲದು.

ಈ ಪರೀಕ್ಷೆಯಲ್ಲಿ ಗೆದ್ದ ಬಳಿಕ ಅಂಗಾಲನ್ನು ನಿಧಾನವಾಗಿ ಊರಿ, ಹಿಂಗಾಲಿನಿಂದ ನೆಲವನ್ನು ಒತ್ತುತ್ತಾ ಭಾರವನ್ನು ಮುಂದಕ್ಕೆ ಸಾಗಿಸಿ. ಭಾರದ ಸುಮಾರು ಮುಕ್ಕಾಲು ಭಾಗ ಮುಂಗಾಲಿಗೆ ಬಂದರೆ ಸಾಕು. ಮಂಡಿ ಕಾಲ್ಬೆರಳುಗಳನ್ನು ದಾಟದಿರಲಿ, ಅದಕ್ಕಿಂತ ಮುಖ್ಯವಾಗಿ ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಇರಲಿ. ವೀಡಿಯೊ ನೋಡಿ ಕಲಿತವರು ಪ್ರದರ್ಶಕರಷ್ಟೇ ತಗ್ಗಿ ನಿಲ್ಲಲು ಹೋಗಿ ಇಲ್ಲಿಯೇ ಕೆಡುತ್ತಾರೆ. ಎತ್ತರದ ನಿಲುವಿನಲ್ಲೇ ಕಲಿಯಿರಿ.

ಕಾಲು ಪಳಗುವವರೆಗೆ ಕೈಗಳನ್ನು ಸೊಂಟದ ಮೇಲಿಡಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಆಮೇಲೆ, ಭಾರ ಮುಂದೆ ಸಾಗುತ್ತಿರುವಂತೆ ಸೊಂಟ ಎಡಕ್ಕೆ ತಿರುಗಲಿ, ಎಡಗೈ ಮಂಡಿಯ ಮುಂದೆ ಸವರಿ ತೊಡೆಯ ಪಕ್ಕ ನಿಲ್ಲಲಿ, ಬಲಗೈ ಕಿವಿಯ ಪಕ್ಕದಿಂದ ಹೊರಟು ಮೂಗಿನ ಮಟ್ಟದಲ್ಲಿ ತಳ್ಳಲಿ. ಭುಜ ಏರಬಾರದು, ಮೊಣಕೈ ಪೂರ್ತಿ ನೆಟ್ಟಗಾಗಬಾರದು, ಬೆನ್ನು ಮುಂದಕ್ಕೆ ಬಾಗಬಾರದು.

ಇನ್ನೊಂದು ಬದಿಗೆ ಹೊರಡುವಾಗ ಮೊದಲು ಭಾರವನ್ನು ಹಿಂಗಾಲಿಗೆ ಮರಳಿಸಿ, ಹಗುರಾದ ಎಡಪಾದದ ಮುಂಭಾಗವನ್ನು ಎತ್ತಿ ಹಿಮ್ಮಡಿಯ ಮೇಲೆ ಹೊರಕ್ಕೆ ತಿರುಗಿಸಿ, ಆಮೇಲಷ್ಟೇ ಅದರ ಮೇಲೆ ಭಾರ ತನ್ನಿ. ಸಮಯ ಉಳಿಸಲೆಂದು ಭಾರ ಹೊತ್ತ ಪಾದವನ್ನೇ ತಿರುಗಿಸುವವರಿದ್ದಾರೆ. ಆಗ ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ತಿರುಚಿನ ಒತ್ತಡವೆಲ್ಲ ಮಂಡಿಯ ಮೇಲೆ ಬೀಳುತ್ತದೆ.