ದಿನವಿಶೇಷ ಬರೆದಿಡುವವರಿಗೆ ಒಂದು ಉಪಾಯ

ಅದಕ್ಕೆಂದು ಸುಮ್ನೆ ವರ್ಷ ವರ್ಷ ಡೈರಿ ಕೊಳ್ಳಬೇಡಿ. ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಕಿಗೊಂದು ಪುಟ ಮಾಡಿ, ವಾರ ಬರೆಯಬೇಡಿ. ಪ್ರತಿ ವರ್ಷ ಅದೇ ಪುಟಕ್ಕೆ ಸೇರಿಸುತ್ತಾ ಹೋಗಬಹುದು. ಮಾರ್ಚ್ 23ಕ್ಕೆ ಕವಿ ಮಂಜೇಶ್ವರ ಗೋವಿಂದ ಪೈ ಹುಟ್ಟಿದ್ದು, 1883ರಲ್ಲಿ. ನವೆಂಬರ್ 1ಕ್ಕೆ ಎರಡು ಪುಟವಾದರೂ ಬಿಡಿ. 1956ರಲ್ಲಿ ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆಚೆ ಕರ್ನಾಟಕದಲ್ಲಿ ರಾಜ್ಯೋತ್ಸವ, ಈಚೆ ಕೇರಳಪ್ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ). ಕಾಸರಗೋಡಿನ ನಮಗೆ ಹೇಳುವುದು ಜಾಸ್ತಿಯೇ ಇರುತ್ತದೆ, ಅಲ್ವಾ?

ತೊಡಕು ಹಬ್ಬಗಳದ್ದು. ಅಷ್ಟಮಿ, ಚೌತಿ ಚಂದ್ರನ ಲೆಕ್ಕದವು, ತಾರೀಕು ಓಡಾಡುತ್ತದೆ. ಅವನ್ನು ಕೊನೆಯ ಪುಟಗಳಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ತುಳುವರ ಬಿಸು (ಹೊಸ ವರ್ಷ), ಪತ್ತನಾಜೆ (ಕೋಲ, ಯಕ್ಷಗಾನದ ತಿರುಗಾಟ ಮುಗಿಯುವ ದಿನ) ಸೌರಮಾನದವು, ಒಂದು ದಿನ ಆಚೀಚೆ ಅಷ್ಟೆ. ತುಳುವಿನ ಬೇಶ ತಿಂಗಳ ಹತ್ತಕ್ಕೆ ಬರುವ ಪತ್ತನಾಜೆ ಮೇ 24ರ ಹೊತ್ತಿಗೆ. ನಮ್ಮ ಕಾಸರಗೋಡು ಜಿಲ್ಲೆ ಆದದ್ದೂ 1984ರ ಮೇ 24ಕ್ಕೇ!

ಪುಟದ ಕೆಳಗೆ ನಾಲ್ಕು ಗೆರೆ ನಿಮ್ಮ ಮಾತಿಗಿರಲಿ: ಮಳೆ, ಅಡಿಕೆ ದರ, ಮನೆಗೆ ಬಂದವರು. ಪಕ್ಕದಲ್ಲಿ ಇಸವಿ ಹಾಕಿ.